ಬಾವುಟದ ಬದಲು ಮನುಷ್ಯರು

ಮನೆಯಲ್ಲಿ ಮಕ್ಕಳ ಅಟ್ಲಾಸ್ ಇದ್ದರೆ ಕೆನಡಾದ ಪುಟ ತೆರೆದು ನೋಡಿ. ಮೇಲ್ಗಡೆ, ಉತ್ತರ ಧ್ರುವದತ್ತ ಚೆಲ್ಲಾಡಿದ ದ್ವೀಪಗಳೆಲ್ಲ ಒಂದೇ ಬಣ್ಣದಲ್ಲಿವೆ. ಆ ಬಣ್ಣ ಪುಕ್ಕಟೆಯಾಗಿ ಬಂದದ್ದಲ್ಲ. ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ಹವಾಮಾನ ಕೇಂದ್ರಗಳಲ್ಲಿ ಅಮೆರಿಕದವರೂ ಬಂದು ಕೂತಿದ್ದರು. ತಮ್ಮ ಜನರೇ ಇಲ್ಲದ ನೆಲ ಎಷ್ಟು ದಿನ ತಮ್ಮದಾಗಿ ಉಳಿದೀತು ಎಂಬ ಆತಂಕ ಒಟ್ಟಾವದಲ್ಲಿತ್ತು.

1953ರಲ್ಲಿ ಹಡ್ಸನ್ ಕೊಲ್ಲಿಯ ದಡದ ಇನುಕ್ಜುವಾಕ್ ಊರಿನಿಂದ ಕೆಲವು ಇನ್ಯುಯಿಟ್ ಕುಟುಂಬಗಳನ್ನು ಸರ್ಕಾರ ಹಡಗು ಹತ್ತಿಸಿತು. ಇನ್ಯುಯಿಟ್ ಎಂದರೆ ಹಳೆಯ ಪಠ್ಯಪುಸ್ತಕಗಳ ಎಸ್ಕಿಮೊಗಳು. ಅಲ್ಲಿ ಬೇಟೆ ಹೇರಳ, ಹಿಡಿಸದಿದ್ದರೆ ಎರಡು ವರ್ಷದಲ್ಲಿ ವಾಪಸು ಬರಬಹುದು ಎಂದು ಅವರಿಗೆ ಮಾತು ಕೊಡಲಾಗಿತ್ತು. ಹೊರಟವರಲ್ಲಿ ಜಾನ್ ಅಮಗೋಲಿಕ್ ಎಂಬ ಐದಾರು ವರ್ಷದ ಹುಡುಗನೂ ಇದ್ದ. ಎಲ್ಲರೂ ಒಂದೇ ಕಡೆ ಇಳಿಯುವುದಿಲ್ಲ, ಬೇರೆ ಬೇರೆ ಕಡೆ ಎಂಬುದು ಗೊತ್ತಾದದ್ದು ಹಡಗಿನಲ್ಲಿ. ಹೆಂಗಸರು ಅಳತೊಡಗಿದರು, ಅದನ್ನು ಕೇಳಿ ನಾಯಿಗಳೂ ಊಳಿಟ್ಟವು ಎಂದು ಅಮಗೋಲಿಕ್ ಮುಂದೆ ನೆನಪಿಸಿಕೊಂಡಿದ್ದಾರೆ.

ಅವರ ಕುಟುಂಬ ಇಳಿದದ್ದು ರೆಸಲ್ಯೂಟ್‌ನಲ್ಲಿ, ಊರಿನಿಂದ ಸುಮಾರು ಎರಡು ಸಾವಿರ ಕಿಲೋಮೀಟರ್ ಉತ್ತರಕ್ಕೆ. ಎಸ್ಕಿಮೊಗಳಿಗೆ ಚಳಿಯೇನು ಹೊಸದೇ ಎನ್ನಬಹುದು. ಅಧಿಕಾರಿಗಳೂ ಹಾಗೇ ಅಂದುಕೊಂಡಿರಬೇಕು! ಆದರೆ ಇನುಕ್ಜುವಾಕ್‌ನಲ್ಲಿ ಚಳಿಗಾಲದಲ್ಲೂ ದಿನಾ ಸೂರ್ಯ ಹುಟ್ಟುತ್ತಾನೆ. ರೆಸಲ್ಯೂಟ್‌ನಲ್ಲಿ ನವೆಂಬರಿನಲ್ಲಿ ಮುಳುಗಿದವನು ಮತ್ತೆ ಮುಖ ತೋರಿಸುವುದು ಫೆಬ್ರವರಿಯಲ್ಲಿ. ಊರಿನಲ್ಲಿ ಕಾಡುಹಣ್ಣು, ಹಕ್ಕಿಮೊಟ್ಟೆ ಸಿಗುತ್ತಿದ್ದವು. ಶಾಲೆಯೂ ಇತ್ತು. ಇಲ್ಲಿ ಜಲ್ಲಿಕಲ್ಲಿನ ದಂಡೆ, ತಲೆಯ ಮೇಲೊಂದು ಡೇರೆ. ಹತ್ತಿರದ ವಾಯುನೆಲೆಯವರು ಎಸೆದ ಹಲಗೆಗಳನ್ನು ಕಸದ ಗುಡ್ಡೆಯಿಂದ ಆಯ್ದು ತಂದು ಮನೆ ಕಟ್ಟಿಕೊಂಡರು.

ಎರಡು ವರ್ಷ ಕಳೆಯಿತು. ವಾಪಸು ಕಳಿಸುವ ಬದಲು 1955ರಲ್ಲಿ ಇನ್ನಷ್ಟು ಜನರನ್ನು ತಂದಿಳಿಸಿದರು. ಒಟ್ಟು ತೊಂಬತ್ತು ಚಿಲ್ಲರೆ ಮಂದಿ. ಹಸಿವಿನಿಂದ ಪಾರುಮಾಡಲೆಂದೇ ಸ್ಥಳಾಂತರಿಸಿದ್ದು ಎಂದು ಸರ್ಕಾರ ಬಹುಕಾಲ ಹೇಳುತ್ತಲೇ ಇತ್ತು. ಹಾಗಿದ್ದರೆ ಕೊಟ್ಟ ಮಾತು ಉಳಿಸಿಕೊಳ್ಳಲು ಏನು ಅಡ್ಡಿಯಿತ್ತೋ! ಕೆಲವರು ಸರ್ಕಾರದ ಖರ್ಚಿನಲ್ಲಿ ಊರು ಸೇರಿದ್ದು 1980ರ ದಶಕದ ಕೊನೆಯಲ್ಲಿ. ಅಷ್ಟರಲ್ಲಿ ಮಕ್ಕಳು, ಮೊಮ್ಮಕ್ಕಳು ಉತ್ತರದವರೇ ಆಗಿದ್ದರು, ಕುಟುಂಬಗಳು ಎರಡನೆಯ ಸಲ ಒಡೆದವು. 1996ರಲ್ಲಿ ಒಂದು ಕೋಟಿ ಕೆನಡಾ ಡಾಲರುಗಳ ಪರಿಹಾರ ನಿಧಿ ಬಂತು. ಕ್ಷಮೆಯ ಮಾತು ಬರಲು 2010ರ ಆಗಸ್ಟ್‌ವರೆಗೆ ಕಾಯಬೇಕಾಯಿತು.

ಡೇರೆಯ ಹುಡುಗ ಅಮಗೋಲಿಕ್ ಬೆಳೆದು, ಇನ್ಯುಯಿಟ್ ಜನರದೇ ಆಡಳಿತ ಪ್ರದೇಶಕ್ಕಾಗಿ ವರ್ಷಾನುಗಟ್ಟಲೆ ದುಡಿದರು. 1999ರಲ್ಲಿ ಹುಟ್ಟಿದ ಆ ನುನಾವುಟ್‌ಗೆ ಜನ ಅವರನ್ನೇ ತಂದೆ ಎನ್ನುತ್ತಾರೆ.

2010ರಲ್ಲಿ ಎರಡು ಸ್ಮಾರಕಗಳು ಎದ್ದವು. ಗ್ರೀಸ್ ಫಿಯೋರ್ಡ್ ಎಂಬ ಇನ್ನೊಂದು ವಸತಿಯಲ್ಲಿ ಒಬ್ಬ ಹೆಂಗಸು, ಪಕ್ಕದಲ್ಲಿ ಹುಡುಗ, ನಾಯಿ. ಅವಳು ರೆಸಲ್ಯೂಟ್‌ನತ್ತ ನೋಡುತ್ತಿದ್ದಾಳೆ. ರೆಸಲ್ಯೂಟ್‌ನಲ್ಲಿ ಒಬ್ಬನೇ ಗಂಡಸು. ಅವನ ಮುಖ ಗ್ರೀಸ್ ಫಿಯೋರ್ಡ್‌ನತ್ತ.