ಮಂಗಳದಲ್ಲಿ ಯುಗಾದಿ ಎಂದು?

ಅನ್ಯಗ್ರಹದಲ್ಲಿ ಊರು ಕಟ್ಟುವ ಕತೆಗಾರರಿಗೆ ಗಾಜಿನ ಗುಮ್ಮಟ, ಆಮ್ಲಜನಕದ ಯಂತ್ರ ಇವುಗಳ ಮೇಲಿರುವ ಅಕ್ಕರೆ ಪಂಚಾಂಗದ ಮೇಲಿಲ್ಲ. ಆದರೆ ಮಂಗಳಕ್ಕೆ ಸಂಸಾರ ಸಾಗಿಸಿದ ಗೃಹಿಣಿ ಮೊದಲು ಕೇಳುವ ಪ್ರಶ್ನೆ, 'ಯುಗಾದಿ ಎಂದು?' ಎಂಬುದೇ ಆಗಿದ್ದೀತು. ಉತ್ತರ ಹೇಳುವುದು ಸುಲಭವಲ್ಲ. ಅಲ್ಲಿಯ ಒಂದು ವರ್ಷಕ್ಕೆ ನಮ್ಮ 687 ದಿನಗಳು. ಚಂದ್ರರೋ ಇಬ್ಬರು. ಅವರಲ್ಲಿ ದೊಡ್ಡವನಾದ ಫೋಬೋಸ್ ಎಂಟು ಗಂಟೆಗೂ ಮೊದಲೇ ಗ್ರಹಕ್ಕೆ ಒಂದು ಸುತ್ತು ಬಂದು, ಪಡುವಣದಲ್ಲಿ ಹುಟ್ಟಿ ಮೂಡಣದಲ್ಲಿ ಮುಳುಗುತ್ತಾನೆ. ಚಂದ್ರೋದಯ ನೋಡಿ ಊಟ ಮಾಡಬೇಕಾದ ಸಂಕಷ್ಟಿಯ ವ್ರತ ಅಲ್ಲಿ ದಿನಕ್ಕೆ ಎರಡು ಬಾರಿ ಮುಗಿದೀತು!

ಇದು ಬರಿಯ ವಿನೋದವಲ್ಲ. 2007ರ ಅಕ್ಟೋಬರಿನಲ್ಲಿ ಮಲೇಷಿಯಾದ ಶೇಖ್ ಮುಜಫರ್ ಶುಕೂರ್ ಅವರು ಅಂತರಿಕ್ಷ ನಿಲ್ದಾಣಕ್ಕೆ ಹೊರಟಾಗ ಅದು ರಂಜಾನ್ ಮಾಸ. ನಿಲ್ದಾಣದಲ್ಲಿ ದಿನಕ್ಕೆ ಹದಿನಾರು ಸೂರ್ಯೋದಯ. ನಮಾಜಿನ ಹೊತ್ತು ಯಾವುದು? ಮುಖ ಎತ್ತ? ಆ ದೇಶದ ಮತಪಂಡಿತರು ಕುಳಿತು ಯೋಚಿಸಿದರು. ಹೊತ್ತಿಗೆ ನೌಕೆ ಹಾರಿದ ಊರಿನ ಗಡಿಯಾರ. ದಿಕ್ಕಿಗೆ ಆದರೆ ಕಾಬಾ, ಆಗದಿದ್ದರೆ ಭೂಮಿ, ಅದೂ ಆಗದಿದ್ದರೆ ಮುಖವಿದ್ದ ಕಡೆ ಎಂದು ವಿಧಿಸಿದರು. ಉದಾರವಾದ ತೀರ್ಮಾನ. ಪ್ರಾರ್ಥನೆಯನ್ನು ಹೀಗೆ ಹೊತ್ತೊಯ್ಯಬಹುದು. ಹಬ್ಬದ ಮಾತು ಬೇರೆ. ಅದಕ್ಕೆ ಹೊಲ ಬೇಕು, ಬೆಳೆ ಬೇಕು, ಬುತ್ತಿ ಹಂಚಿಕೊಳ್ಳಲು ನೆರೆಹೊರೆ ಬೇಕು.

ಅದನ್ನು ಕಾಣಲು ಮಂಗಳದ ತನಕ ಹೋಗಬೇಕಿಲ್ಲ. ರಾಯಚೂರಿನಿಂದ ಮಾನ್ವಿಯ ಬಸ್ಸು ಹತ್ತಿದರೆ ಸಾಕು. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತ ಮೇಲೆ, ಎಡದಂಡೆ ಕಾಲುವೆಯ ಬೆನ್ನುಹಿಡಿದು ಕರಾವಳಿ ಆಂಧ್ರದ ರೈತರು ಈ ಎರೆಭೂಮಿಗೆ ಬಂದರು. ಮಳೆಯನ್ನೇ ನಂಬಿ ಬೇಸತ್ತವರಿಂದ ಹೊಲ ಕೊಂಡರು. ಮಟ್ಟ ಮಾಡಿ ಗದ್ದೆ ಕಟ್ಟಿದರು. ಅವರು ಬಿಡಾರ ಹೂಡಿದ ಎಡೆಗಳಿಗೆ 'ಕ್ಯಾಂಪು' ಎಂದು ಹೆಸರಾಯಿತು. ಮಕ್ಕಳು, ಮೊಮ್ಮಕ್ಕಳು ಇಲ್ಲಿಯೇ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿದರೂ ಬಿಡಾರದ ಹೆಸರು ಅಳಿಯಲಿಲ್ಲ.

ಸಂಕ್ರಾಂತಿಗೆ ಕ್ಯಾಂಪಿನ ಬೀದಿ ನೋಡಬೇಕು. ಭೋಗಿಯ ನಸುಕಿನಲ್ಲಿ ಬೆಂಕಿ, ಅಂಗಳದ ತುಂಬ ರಂಗವಲ್ಲಿ, ಅದರ ನಡುವೆ ಕುಂಬಳದ ಹೂ ಮುಡಿದ ಸಗಣಿಯ ಉಂಡೆಗಳು, ಹೊಸ ಅಕ್ಕಿಯ ಪೊಂಗಲಿ. ಗೋದಾವರಿಯ ಹಬ್ಬ ಇಲ್ಲಿ ಬೇರೂರಿತಲ್ಲಾ ಎಂದು ಬೆರಗಾಗಬೇಕಿಲ್ಲ. ಅವರು ದೇವರನ್ನಷ್ಟೇ ತರಲಿಲ್ಲ, ಬತ್ತವನ್ನೂ ತಂದರು. ಕಾಲುವೆ ನೀರು ತಂದಿತು. ಕಣದಲ್ಲಿ ಬತ್ತ ರಾಶಿಯಾದ ಮೇಲೆ ಸಂಕ್ರಾಂತಿ ಬಾರದೆ ಇದ್ದೀತೆ?

ಪೆಟ್ಟು ಬಿದ್ದದ್ದು ಕದಲದೆ ಕುಳಿತವರ ಹಬ್ಬಕ್ಕೆ. ಈ ಸೀಮೆಯ ಒಕ್ಕಲಿಗೆ ಎಳ್ಳಮಾವಾಸ್ಯೆ ದೊಡ್ಡದು. ಬಿಳಿಜೋಳ ತೆನೆ ಹಿರಿದು ನಿಂತ ಕಾಲಕ್ಕೆ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ, ಕಡುಬು ಕಟ್ಟಿಕೊಂಡು, ಗಾಡಿ ಹೂಡಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗುವುದು. ಐದು ಕಲ್ಲುಗಳನ್ನು ಪಾಂಡವರೆಂದು ಇರಿಸಿ ಪೂಜಿಸುವುದು. ಬೆಳೆಯ ನಡುವೆ ಸುತ್ತುತ್ತ ಚರಗ ಚೆಲ್ಲುವುದು. ಬಸುರಿಯಾದ ಭೂತಾಯಿಗೆ ಅದು ಬಯಕೆಯ ಊಟ. ನೀರಾವರಿಯ ಗದ್ದೆಯಲ್ಲಿ ಆ ಹೊತ್ತಿಗೆ ಏನಿರುತ್ತದೆ? ಕೊಯ್ದ ಬತ್ತದ ಕೂಳೆ. ಇಲ್ಲವೆ ಎರಡನೆಯ ಬೆಳೆಗೆ ಕಲಸಿದ ಕೆಸರು. ತಾಯಿ ಆಗತಾನೆ ಹೆತ್ತು ಮಲಗಿರುವಾಗ ಬಯಕೆಯ ಬುತ್ತಿ ಒಯ್ದಂತೆ! ಹೊಲವನ್ನು ಮಾರಿ ಅದರಲ್ಲೇ ಕೂಲಿಗೆ ಹೋಗುವವನಿಗಂತೂ ಚರಗ ಚೆಲ್ಲಲು ತನ್ನದೆಂಬ ಹೊಲವೂ ಇಲ್ಲ. ಮನೆ ಬದಲಿಸದೆ, ಹುಟ್ಟಿದ ಊರಿನಲ್ಲಿಯೇ ಕುಳಿತು ಬೇರೊಂದು ಗ್ರಹ ಸೇರಿದವನು ಆತ. ಇದನ್ನು ಯಾವ ಕತೆಗಾರನೂ ಬರೆದಂತಿಲ್ಲ.

ಹಾಗೆಂದು ಕ್ಯಾಂಪಿನವರನ್ನು ದೂರುವುದು ನ್ಯಾಯವಲ್ಲ. ಅವರ ದುಡಿಮೆ ಸಣ್ಣದಲ್ಲ; ಕಾಲುವೆ ಕೈಕೊಟ್ಟರೆ ಅವರ ಸಂಕ್ರಾಂತಿಯೂ ಬಡವಾಗುತ್ತದೆ. 2024ರ ಆಗಸ್ಟಿನಲ್ಲಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಕ್ಯಾಂಪು, ಊರು ಎರಡೂ ಒಂದೇ ಆತಂಕದಲ್ಲಿ ಕಾದವು.

ದೇವದುರ್ಗದ ಕಡೆಗೆ ಕೃಷ್ಣೆಯ ನೀರು, ನಾರಾಯಣಪುರದ ಬಲದಂಡೆ ಕಾಲುವೆಯಲ್ಲಿ, ತಡವಾಗಿ ಬಂತು. ಅದು ಮುಟ್ಟದ ಎರೆಹೊಲಗಳಲ್ಲಿ ಎಳ್ಳಮಾವಾಸ್ಯೆಯ ದಿನ ಇಂದಿಗೂ ಜನ ಕಾಣುತ್ತಾರೆ. ಎತ್ತಿನ ಗಾಡಿಯ ಜಾಗಕ್ಕೆ ಟ್ರಾಕ್ಟರು ಬಂದಿದೆ. ಹಿಂದಿನ ಟ್ರಾಲಿಯಲ್ಲಿ ಬುತ್ತಿಯ ಬುಟ್ಟಿಗಳನ್ನು ಮಡಿಲಲ್ಲಿ ಹಿಡಿದ ಹೆಂಗಸರು, ಅವರ ಮಗ್ಗುಲಲ್ಲಿ ಶಾಲೆಗೆ ಚಕ್ಕರು ಹೊಡೆದ ಮಕ್ಕಳು.