ಧನುಷ್ಕೋಟಿಯ ಹಳೆಯ ರೈಲುದಾರಿ

ರಾಮೇಶ್ವರಕ್ಕೆ ಹೋದ ನಮ್ಮ ಕಡೆಯ ಯಾತ್ರಿಕರು ಇಪ್ಪತ್ತೆರಡು ತೀರ್ಥಗಳಲ್ಲಿ ಮಿಂದು, ಸ್ವಾಮಿದರ್ಶನವಾದೊಡನೆ ಊರ ದಾರಿ ಹಿಡಿಯುವುದುಂಟು. ನಾವಾದರೋ ಸೋದರತ್ತೆಯವರ ಬಲವಂತದಿಂದ ಮೋಟಾರಿನಲ್ಲಿ ಧನುಷ್ಕೋಟಿಗೆ ಹೊರಟೆವು. 1960ರಲ್ಲಿ, ಎಂಟು ವರುಷದ ಹುಡುಗಿಯಾಗಿ, ತಂದೆಯ ಕೈಹಿಡಿದು ತಾವು ಇಳಿದ ನಿಲ್ದಾಣವನ್ನು ಅವರು ಮತ್ತೊಮ್ಮೆ ನೋಡಬೇಕಾಗಿತ್ತು.

ಪಾಂಬನ್ನಿನಿಂದ ಧನುಷ್ಕೋಟಿಗೆ ರೈಲು, ಅಲ್ಲಿಂದ ಸಿಂಹಳದ ತಲೈಮನ್ನಾರಿಗೆ ಹಡಗು; ಈ ಏರ್ಪಾಡು 1914ರಲ್ಲಿ ಆರಂಭವಾಯಿತು. 1964ರ ಡಿಸೆಂಬರ್ 22ರ ರಾತ್ರಿಯ ಚಂಡಮಾರುತವು ಅದನ್ನು ಮುಗಿಸಿತು. ನಿಲ್ದಾಣದ ಸಮೀಪಕ್ಕೆ ಬಂದಿದ್ದ ಗಾಡಿಯನ್ನು, ಅದರಲ್ಲಿದ್ದ ನೂರಕ್ಕೂ ಮಿಕ್ಕ ಜನರೊಡನೆ, ಕಡಲು ನುಂಗಿತು. ಪಾಂಬನ್ ಸೇತುವೆಯನ್ನೇನೋ ಬೇಗನೆ ದುರಸ್ತು ಮಾಡಿದರು. ಈ ಹಳಿಯನ್ನು ಮತ್ತೆ ಹಾಕಲಿಲ್ಲ.

ಮರಳಿನ ಮೇಲೆ ತೆವಳುತ್ತಿದ್ದ ವಾಹನಗಳಿಗೆ 2017ರಲ್ಲಿ ಭೂಶಿರದವರೆಗೂ ರಸ್ತೆ ದೊರೆಯಿತು. ಹೋಗುವಾಗ ಎಡಕ್ಕೆ ಬಂಗಾಳ ಕೊಲ್ಲಿ, ಬಲಕ್ಕೆ ಮನ್ನಾರ್ ಕೊಲ್ಲಿ. ಶಾಂತವಾದ ಮೊದಲನೆಯದನ್ನು ಅಲ್ಲಿಯವರು ಹೆಣ್ಣು ಕಡಲೆಂದೂ, ಭೋರ್ಗರೆಯುವ ಎರಡನೆಯದನ್ನು ಗಂಡು ಕಡಲೆಂದೂ ಕರೆಯುವರು. (ಹೆಣ್ಣಿಗೆ ಶಾಂತಿಯೇ ಲಕ್ಷಣವೆಂಬುದನ್ನು ನಮ್ಮ ಅತ್ತೆಯವರು ಒಪ್ಪಲಿಲ್ಲ.)

ಸೂರು ಹಾರಿಹೋದ ಇಗರ್ಜಿಯ ಗೋಡೆಗಳನ್ನು ನೋಡಿ ಮುಂದೆ ಬಂದೆವು. ಚಿಪ್ಪಿನ ಸರ ಮಾರುತ್ತಿದ್ದ ಹೆಂಗಸೊಬ್ಬಳು ಕೆಲವು ಮೊಂಡುಗೋಡೆಗಳತ್ತ ಕೈತೋರಿಸಿ, ನಿಲ್ದಾಣವೆಂದಳು. ಅತ್ತೆಯವರು ಬಹಳ ಹೊತ್ತು ಸುತ್ತಾಡಿದರು.

“ಇಲ್ಲೇ ಎಲ್ಲೋ ಅಪ್ಪ ನನಗೆ ಬಾಳೆಹಣ್ಣು ಕೊಡಿಸಿದರು ಕಣೋ. ಆಗ ಎಷ್ಟು ಗದ್ದಲವಿತ್ತು!” ಎಂದರು.

ಸಂಜೆಯಾದ ಮೇಲೆ ಅಲ್ಲಿ ಯಾರನ್ನೂ ಇರಗೊಡಿಸುವುದಿಲ್ಲ. ಗಾಡಿ ಹತ್ತಲು ನಾವು ಅವರನ್ನು ಎರಡು ಬಾರಿ ಕರೆಯಬೇಕಾಯಿತು.