ಕಜ್ಜಾಯದ ಡಬ್ಬಿಯಲ್ಲಿ ಸಿಕ್ಕ ಜಪಾನಿ ಮಾತು

ಕಲ್ಯಾಣದುರ್ಗದಿಂದ ಬಂದ ತಂಗಿಯ ಮಗಳು ಹಿಂದೂಪುರದ ನಮ್ಮ ಪಡಸಾಲೆಯಲ್ಲಿ ಜಪಾನಿ ಪುಸ್ತಕ ಹರಡಿಕೊಂಡು ಕೂತಿದ್ದಳು. ಡಿಸೆಂಬರಿಗೆ ಬೆಂಗಳೂರಲ್ಲಿ ಪರೀಕ್ಷೆ. ‘ಶಿಮಾವು’ ಅನ್ನೋ ಕ್ರಿಯಾಪದ ಬೆಳಗಿನಿಂದ ಅವಳನ್ನು ಕಾಡುತ್ತಿತ್ತು. ಒಂಟಿಯಾಗಿ ಬಂದರೆ ಎತ್ತಿಡುವುದು ಅಂತ ಅರ್ಥ, ಪೆಟ್ಟಿಗೆಯಲ್ಲಿ ಬಟ್ಟೆ ಮಡಿಸಿಟ್ಟ ಹಾಗೆ. ಇನ್ನೊಂದು ಕ್ರಿಯಾಪದದ ಬೆನ್ನಿಗೆ ಬಂದರೆ ಕೆಲಸ ಪೂರ್ತಿ ಮುಗಿಯಿತು ಅಂತಲೂ ಹೌದು, ಆಗಬಾರದ್ದು ಆಯಿತು ಅಂತಲೂ ಹೌದು.

“ಮುಗಿಸೋದಕ್ಕೂ ಪೇಚಾಡೋದಕ್ಕೂ ಒಂದೇ ಪದ ಹೇಗೆ ಮಾಮ?”

ಅಷ್ಟರಲ್ಲಿ ನನ್ನಾಕೆ ಕಜ್ಜಾಯದ ಡಬ್ಬಿ ಹಿಡಿದು ಬಂದಳು. ತಳದಲ್ಲಿ ಎಣ್ಣೆಯ ಜಿಡ್ಡು, ನಾಲ್ಕು ಗಸಗಸೆ ಕಾಳು, ಅಷ್ಟೇ. ಬಾಗಿಲ ಮರೆಯಿಂದ ಚಿಕ್ಕವನು, “ನಾನೇ ತಿಂದ್ಬಿಟ್ಟೆ” ಅಂದ.

ಅದೇ ಅದು! ‘ತಬೆತೆ ಶಿಮತ್ತಾ.’ ಕಜ್ಜಾಯ ಮುಗಿದದ್ದೂ ಆ ‘ಬಿಟ್ಟೆ’ಯಲ್ಲೇ ಇದೆ, ಹುಡುಗನ ಅಳುಕೂ ಅಲ್ಲೇ ಇದೆ. ‘ತಿಂದುಬಿಟ್ಟೆ’ ನಮ್ಮ ಬಾಯಲ್ಲಿ ‘ತಿಂದ್ಬಿಟ್ಟೆ’ ಆದಂತೆ, ಅವರ ಆಡುಮಾತಿನಲ್ಲಿ ಅದು ‘ತಬೆಚತ್ತಾ’ ಆಗುತ್ತದೆ.

2022ರಲ್ಲಿ ಆಂಧ್ರದ ನಮ್ಮ ಅನಂತಪುರ ಜಿಲ್ಲೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ನಮ್ಮ ಎರಡೂ ಮನೆಗಳ ಮಾತು ಮಾತ್ರ ಕನ್ನಡ ತೆಲುಗು ಎರಡೂ ಬೆರೆತದ್ದೇ. ಇದೇ ‘ತಿಂದ್ಬಿಟ್ಟೆ’ಗೆ ತೆಲುಗಿನವರು ‘ತಿನೇಶಾನು’ ಅನ್ನುವಾಗ ಕೂಡಿಸುವುದು ಎಸೆಯುವ, ಹಾಕುವ ‘ವೇಯು’. ‘ಮರ್ಚಿಪೋಯಾನು’ ಅನ್ನುವಾಗ ಹೋಗುವ ‘ಪೋ’. ನಮ್ಮಲ್ಲೂ ‘ಮರೆತುಹೋಯ್ತು’ ಇದೆ, ಆದರೆ ‘ಮರೆತುಬಿಟ್ಟೆ’ಯೂ ಸಲ್ಲುತ್ತದೆ. ಶಿಮಾವು ಕೂಡ ಹಾಗೇ, ತಿಂದದ್ದಕ್ಕೂ ಸೈ, ಮರೆತದ್ದಕ್ಕೂ ಸೈ. ಇನ್ನೂ ಸೊಗಸೆಂದರೆ, ನಮ್ಮ ‘ತಿಂದು ನೋಡು’ ಅವರಲ್ಲಿ ‘ತಬೆತೆ ಮಿರು’. ಮಿರು ಅಂದರೂ ನೋಡುವುದೇ! ತಮಿಳಿಗೂ ಜಪಾನಿಗೂ ನಂಟಿದೆಯೆಂದು ಜಪಾನಿನ ಭಾಷಾವಿದ್ವಾಂಸ ಸುಸುಮು ಓನೊ ವಾದಿಸಿದ್ದರು; ಬಹುಪಾಲು ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ನಂಟು ಇರಲಿ ಬಿಡಲಿ, ಅಡುಗೆಮನೆಯ ಕನ್ನಡವನ್ನು ಪಕ್ಕಕ್ಕಿಟ್ಟು ಇಂಗ್ಲಿಷಿನ ದಾರಿಯಲ್ಲಿ ಸುತ್ತಿ ಬಳಸಿ ಜಪಾನಿ ಕಲಿಯುವ ಮಕ್ಕಳನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಒಂದು ಕಡೆ ಎಚ್ಚರ ಬೇಕು. ನೆಂಟರನ್ನು ನಾವು “ಬಂದೇಬಿಟ್ರಲ್ಲ!” ಎಂದು ಕೈಹಿಡಿದು ಕರೆಯುತ್ತೇವೆ. ಜಪಾನಿಯಲ್ಲಿ ಅತಿಥಿಯ ವಿಷಯದಲ್ಲಿ ‘ಕಿತೆ ಶಿಮತ್ತಾ’ ಅಂದರೆ ಯಾಕಾದರೂ ಬಂದರೋ ಅನ್ನುವ ಧ್ವನಿ ಬಂದೀತು.

ಹುಡುಗಿ ನೋಟುಬುಕ್ಕಿನಲ್ಲಿ ಜಪಾನಿ ವಾಕ್ಯದ ಎದುರಿಗೆ ‘ತಿಂದ್ಬಿಟ್ಟೆ’ ಅಂತ ಬರೆದುಕೊಂಡಳು. ಶಾಲೆಯಲ್ಲಿ ಕಲಿತದ್ದು ತೆಲುಗು. ಅಕ್ಷರ ತೆಲುಗಿನದು, ಮಾತು ಕನ್ನಡದ್ದು.